ಎಡಗಡೆಯ ಕೀಲು

ಕುತಾಯಿಸಿಯ ಹಸಿರುಪೇಟೆಯ ಹಿಂದೆ, ಎಂಟು ಮೆಟ್ಟಿಲು ಇಳಿದರೆ
ನನ್ನ ಅಂಗಡಿ. ಅಂಗಡಿಯೇನು, ಒಂದು ಮೇಜು, ಒಂದು ದೀಪ,
ಪಕ್ಕದಲ್ಲಿ ಚೀಸು ಮಾರುವ ಲಾಮಾರಾಳ ಉಪ್ಪುನೀರಿನ ವಾಸನೆ.

ಮಂಗಳವಾರ ಬಂದವಳು ತ್ಸಿಯಾಲಾ.
ಕಿವಿ ಕೇಳದ ಮಕ್ಕಳಿಗೆ ಪಾಠ ಹೇಳುತ್ತಾಳೆ; ತನಗೂ ಕೇಳದು.
ಹಳೆಯ ರಸೀತಿಯ ಬೆನ್ನಿನ ಮೇಲೆ ಬರೆದಳು:
"ಹನ್ನೊಂದು ವರ್ಷದ್ದು. ಪರದೆ ಮಿಣಮಿಣ ಅನ್ನುತ್ತದೆ.
ಹೊಸದು ಕೊಳ್ಳಿ ಅನ್ನಬೇಡ. ಅದನ್ನು ಹೇಳಲು ನನ್ನ ತಂಗಿಯಿದ್ದಾಳೆ."

ತ್ಸಿಯಾಲಾ ಅಂದರೆ ನಮ್ಮ ಮಾತಿನಲ್ಲಿ ಮಿನುಗು.
ನಾನು ನಗಲಿಲ್ಲ. ಅವಳೇ ಪರದೆ ತೋರಿಸಿ,
ತನ್ನ ಎದೆ ಮುಟ್ಟಿಕೊಂಡು, ನಕ್ಕಳು.

ಮೊದಲ ಗುಮಾನಿ ಯಾವಾಗಲೂ ಡ್ರೈವರಿನ ಮೇಲೆ.
ಆರಿಸಿ ಹೊತ್ತಿಸಿದೆ. ವಿಂಡೋಸ್ ಕಣ್ಣು ಬಿಡುವ ಮುಂಚಿನ
ಆ ಕಪ್ಪು ಹಾಳೆ, ಬಿಳಿ ಅಕ್ಷರ,
ಅಲ್ಲೂ ನಡುಕ.
ಡ್ರೈವರು ನಿರಪರಾಧಿ.

ಹೊರಗಿನ ಮಾನಿಟರಿಗೆ ತಂತಿ ಸಿಕ್ಕಿಸಿದೆ.
ಅಲ್ಲಿ ಚಿತ್ರ ಬಂಡೆಯ ಹಾಗೆ ನಿಂತಿತು,
ಇಲ್ಲಿ ಮಾತ್ರ ಗಾಳಿಗೆ ಸಿಕ್ಕ ಸೊಡರು.
ಸರಿ, ಗ್ರಾಫಿಕ್ಸ್ ಚಿಪ್ಪೂ ಬಚಾವು.

ಪರದೆ ಕಪ್ಪಾದ ಕ್ಷಣ ಟಾರ್ಚು ಓರೆ ಹಿಡಿದೆ:
ತಳದಲ್ಲಿ, ಬಾವಿಗೆ ಬಿದ್ದ ಕೊಡದಂತೆ ಮಸುಕಾಗಿ,
ಹಾಜರಿಪಟ್ಟಿ. ಮಕ್ಕಳ ಹೆಸರು ಎಲ್ಲವೂ ಇದ್ದವು.
ಬೆಳಕಷ್ಟೇ ಬಂದು ಬಂದು ಹೋಗುತ್ತಿತ್ತು.
ಇದನ್ನು ಬರೆದು ತೋರಿಸಿದೆ.
ಅವಳು ಹುಬ್ಬು ಹಾರಿಸಿದಳು: ಅಂದರೆ?

ಅಂದರೆ, ಮುಚ್ಚಳವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಸರಿಸಿದೆ,
ಉಕ್ಕುವ ಹಾಲು ಕಾಯುವವನ ಹಾಗೆ, ಉಸಿರು ಬಿಗಿಹಿಡಿದು.
ನೆಟ್ಟಗೆ ನಿಂತಾಗ ಸುಮ್ಮನಿದೆ.
ಹಿಂದಕ್ಕೆ ಒರಗಿದಾಗ ಸುಮ್ಮನಿದೆ.
ಮುಂದಕ್ಕೆ ಬಾಗಿಸಿದೆ: ಒಂದು ಕಡೆ, ಒಂದೇ ಒಂದು ಕಡೆ
ರೆಪ್ಪೆ ಪಟಪಟ.

ಏಳು ತಿರುಪು. ಒಂದರ ತಲೆ ಸವೆದಿತ್ತು, ಅದೇ ಕಾಲುಗಂಟೆ ತಿಂದಿತು.
ಚೌಕಟ್ಟು ಕಿತ್ತಾಗ ಎಡಗಡೆಯ ಕೀಲಿನ ಬಳಿ
ಚಪ್ಪಟೆ ಕೇಬಲ್ಲು, ಹೊದಿಕೆ ಸುಲಿದು,
ಹೊಳೆಯುವ ಎರಡೆಳೆ ತಾಮ್ರ.

ಹನ್ನೊಂದು ವರ್ಷ ಯಾರಾದರೂ ಮುಚ್ಚುತ್ತಾರೆ, ತೆರೆಯುತ್ತಾರೆ;
ಸವೆತ ಉದ್ದಕ್ಕೂ ಹಂಚಿಹೋಗಬೇಕು.
ಇಲ್ಲಿ ಒಂದೇ ಜಾಗ ತಿಂದಿದೆ, ಇಲಿ ತಿಂದ ಹಾಗೆ.
"ಪಾಠ ಹೇಗೆ ಹೇಳುತ್ತೀರಿ, ತೋರಿಸಿ" ಎಂದು ಬರೆದೆ.

ಕುರ್ಚಿ ಎಳೆದು ಕೂತಳು. ಕೈ ಚಾಚಿ, ಯೋಚನೆಯೇ ಇಲ್ಲದೆ,
ಮುಚ್ಚಳವನ್ನು ತನ್ನ ಕಡೆ ಬಾಗಿಸಿದಳು.

ಬೆಟ್ಟದೂರಿನ ಮಕ್ಕಳಿಗೆ ಮುಖವಷ್ಟೇ ಸಾಲದು, ಕೈ ಕಾಣಬೇಕು.
ಕ್ಯಾಮೆರಾ ಇರುವುದು ನೆತ್ತಿಯಲ್ಲಿ,
ಮಾತು ಇರುವುದು ಎದೆಗಿಂತ ಕೆಳಗೆ.
ದಿನಕ್ಕೆ ಮೂರು ಪಾಠ. ಪಾಠಕ್ಕೊಂದು ಬಾಗು.

ಆ ಮಾದರಿಯ ಕೇಬಲ್ಲು ಈಗ ಎಲ್ಲೂ ಸಿಗದು.
ಬೆಸೆದೆ, ಟೇಪು ಸುತ್ತಿದೆ, ಕೀಲಿನ ಹತ್ತಿರ ಸಡಿಲ ಕುಣಿಕೆ ಬಿಟ್ಟೆ.
ಗ್ಯಾರಂಟಿ ಇಲ್ಲ ಎಂದು ಬರೆದು, ಅಡಿಗೆ ಎರಡು ಗೆರೆ ಎಳೆದೆ.
ಆಮೇಲೆ, ಯಾಕೋ, ಲಾಮಾರಾಳ ಪೆಟ್ಟಿಗೆಯ ಹಲಗೆಯೊಂದನ್ನು ಕೊಯ್ದು
ಓರೆ ಮಣೆ ಮಾಡಿಕೊಟ್ಟೆ: "ಹಿಂಬದಿಯ ಅಡಿಗೆ ಇಡಿ.
ಯಂತ್ರ ಪೂರ್ತಿ ಬಾಗಲಿ, ಕೀಲಿಗೆ ರಜೆ."
ಹಲಗೆ ಮೂಸಿ ನೋಡಿ ಮುಖ ಕಿವುಚಿದಳು. ಚೀಲಕ್ಕೆ ಹಾಕಿಕೊಂಡಳು.

ಮೆಟ್ಟಿಲ ಹತ್ತಿರ ತಿರುಗಿ ಕೈಯಲ್ಲಿ ಏನೋ ಹೇಳಿದಳು.
ವಂದನೆ ಅಂದುಕೊಂಡು ತಲೆ ಬಾಗಿಸಿದೆ.
ಅಲ್ಲ ಅಲ್ಲ ಎಂದು ಬೆರಳಾಡಿಸಿ,
ಮತ್ತೊಮ್ಮೆ, ನಿಧಾನವಾಗಿ, ಮಕ್ಕಳಿಗೆ ಹೇಳುವಂತೆ,
ನನ್ನ ನೆತ್ತಿಯ ಮೇಲಕ್ಕೆ ತೋರಿಸಿದಳು.

ಮೇಜಿನ ಟ್ಯೂಬ್‌ಲೈಟು ಮಿಣಮಿಣ ಅನ್ನುತ್ತಿತ್ತು,
ಎಷ್ಟು ದಿನದಿಂದಲೋ.