ಎರಡು ಖಾಲಿ

ಅಮ್ಮತ್ತಿಯ ನಮ್ಮ ಮನೆಯಲ್ಲಿ
ಕೋವಿಗೆ ಪರವಾನಗಿ ಕೇಳಿದವರಿಲ್ಲ.
ಒಳಗೋಡೆಗೆ ಒರಗಿ ನಿಂತಿದೆ ಅದು,
ಕೈಲ್‌ಪೊಳ್ದ್ ಬಂದರೆ ಮೂತಿಗೊಂದು ತೋಕ್‌ಪೂ,
ಮಿಕ್ಕ ದಿನ ಜೇಡಕ್ಕೆ ಬಾಡಿಗೆಗೆ.
ಅದೇ ಕೋಣೆಯ ಮೂಲೆಯಲ್ಲಿ ಕಂಪ್ಯೂಟರು ಮಾತ್ರ
ಪ್ರತಿ ಬೆಳಿಗ್ಗೆ ಕೇಳುತ್ತಿತ್ತು: ನೀನು ಯಾರು?

ಕೇಳುವಂತೆ ಮಾಡಿದವಳು ನಾನೇ.
'ಗೊಬ್ಬರದ ಲೆಕ್ಕ' ಎಂಬ ಫೈಲೊಂದಿದೆ ಅದರಲ್ಲಿ.
ಒಳಗೆ ಗೊಬ್ಬರ ಇಲ್ಲ.
ಏನಿದೆ ಎಂದು ನಿಮಗೂ ಹೇಳುವುದಿಲ್ಲ.
ಅದಕ್ಕಾಗಿ ಎಂಟಕ್ಷರದ ಬೀಗ:
ತವರಿನ ಕರುವಿನ ಹೆಸರು, ಒಂದು ಸೊನ್ನೆ, ಒಂದು ಆಶ್ಚರ್ಯಸೂಚಕ.
ಚಿಹ್ನೆ ಬೇಕೇ ಬೇಕೆಂದು ಹಟ ಹಿಡಿದದ್ದು ಅದು, ನಾನಲ್ಲ.

ಅತ್ತೆ ಚೋಂದಮ್ಮ ಮೂವತ್ತೆಂಟು ವರ್ಷದಿಂದ
ಬೆಳಿಗ್ಗೆ ಎಂಟಕ್ಕೆ ಅಂಗಳಕ್ಕಿಳಿದು
ಮಳೆಮಾಪಕದ ಆಲಿಕೆ ಎತ್ತಿ
ನೀರನ್ನು ಗಾಜಿನ ಕೊಳವೆಗೆ ಸುರಿದು
ಕಣ್ಣಿನ ಮಟ್ಟಕ್ಕೆ ಹಿಡಿದು ಓದುವವರು:
ಇಂಚು ಇಷ್ಟು, ಸೆಂಟು ಇಷ್ಟು.
ಬರೆಯುವುದು ಅಡುಗೆಮನೆಯ ಮೊಳೆಗೆ ತೂಗಿದ
ದಪ್ಪ ರಟ್ಟಿನ ಪುಸ್ತಕದಲ್ಲಿ, ತಿಂಗಳಿಗೊಂದು ಪುಟ.
ಪಕ್ಕದ ತೋಟದ ರೈಟರ್ ಬರುತ್ತಾನೆ, ಹಾಲಿನವನು ಬರುತ್ತಾನೆ,
ಕೈ ಒರಸಿಕೊಂಡು ಪುಟ ತಿರುವಿ
ಹೋದ ವರ್ಷ ಇದೇ ದಿನ ಎಷ್ಟಿತ್ತೆಂದು ನೋಡಿ ಹೋಗುತ್ತಾನೆ.
ಪುಸ್ತಕ ಯಾರ ಹೆಸರನ್ನೂ ಕೇಳಿದ್ದಿಲ್ಲ.

ಕೊನೆಯ ಪುಟ ಮುಗಿದಾಗ
ಇನ್ನು ಕಂಪ್ಯೂಟರಿನಲ್ಲಿ ಬರೆಯೋಣ ಅತ್ತೆ, ಎಂದೆ.
ಹಳೆಯದನ್ನೂ ಏರಿಸಿದೆ. ಹೂಮಳೆಯಿಂದ ಶುರು;
ಅದಕ್ಕೂ ಹಿಂದಿನ ಪುಟಗಳನ್ನು ತೆರೆಯದೆಯೇ
ಸೊನ್ನೆ ಸೊನ್ನೆ ಸೊನ್ನೆ ಎಂದು ಎಳೆದುಬಿಟ್ಟೆ.
ಜನವರಿಯಲ್ಲಿ ಏನು ಮಣ್ಣು ಮಳೆ.

ಮೊನ್ನೆ ಬೆಳಗಿನ ಬಸ್ಸಿಗೆ ಗೋಣಿಕೊಪ್ಪದ ಸಂತೆಗೆ ಹೋದವಳು
ಬಂದಾಗ ಹನ್ನೊಂದೂವರೆ.
ಅತ್ತೆ ಕಂಪ್ಯೂಟರಿನ ಮುಂದೆ ಕುಳಿತಿದ್ದರು,
ಎಡಗೈಯಲ್ಲಿ ಗಾಜಿನ ಕೊಳವೆ, ಅದರಲ್ಲಿ ಇನ್ನೂ ನೀರು.
'ನನ್ನ ಹೆಸರು ಹಾಕಿದೆ, ತಪ್ಪು ಅಂತು.
ಅಪ್ಪನ ಹೆಸರು ಹಾಕಿದೆ. ಒಕ್ಕದ ಹೆಸರೂ ಹಾಕಿದೆ.
ಅದೂ ತಪ್ಪಂತೆ, ಮೂಡಿ.'
ದನಿಯಲ್ಲಿ ಕೋಪವಿರಲಿಲ್ಲ. ಅದೇ ಕಷ್ಟವಾಯಿತು.
ಅರವತ್ತೆರಡು ಸೆಂಟು,
ಮೂರೂವರೆ ತಾಸಿನಿಂದ ಚೆಲ್ಲದೆ ಹಿಡಿದದ್ದು.

ರಾತ್ರಿ ಎಲ್ಲರೂ ಮಲಗಿದ ಮೇಲೆ ತೆಗೆಯಲು ಕುಳಿತೆ.
ತೆಗೆಯಬೇಕಾದರೆ ಮೊದಲು ಹಳೆಯದನ್ನು ಹೇಳು, ಎಂದಿತು.
ಹೇಳಿದೆ, ಕರು ಸೊನ್ನೆ ಆಶ್ಚರ್ಯ.
ಹೊಸದು?
ಏನೂ ಒತ್ತಲಿಲ್ಲ.
ಹೊಸದನ್ನು ಮತ್ತೊಮ್ಮೆ?
ಮತ್ತೊಮ್ಮೆ ಏನೂ ಒತ್ತಲಿಲ್ಲ.
ಎರಡು ಖಾಲಿಗಳನ್ನು ಅದು ಅಕ್ಕಪಕ್ಕ ಇಟ್ಟು ನೋಡಿ
ಒಂದೇ ತರ ಇವೆಯೆಂದು ಒಪ್ಪಿತು.

ಮಾರನೆ ದಿನ ಎಂಟೂ ಹತ್ತಕ್ಕೆ
ಅತ್ತೆಯ ಒಂಟಿ ಬೆರಳು, ಕೋಳಿ ಕಾಳು ಹೆಕ್ಕಿದಂತೆ.
ಕಡುಬಿನ ಹಬೆಯೊಳಗೆ ಕಿವಿಯಾಗಿ ನಿಂತಿದ್ದೆ ನಾನು.
ಟಕ್. ಟಕ್.
ಆಮೇಲೆ ಬಹಳ ಹೊತ್ತು ಟಕ್ ಇಲ್ಲ.

ಒಳಗೆ ಬಂದು ನೀರು ಕುಡಿದರು. ಲೋಟ ತೊಳೆದರು.
'ಗೊಬ್ಬರದ ಲೆಕ್ಕ ಅಂತ ಹೆಸರಿಡಬಾರದಿತ್ತು ಮೂಡಿ,
ನಿನ್ನ ಮಾವ ಮೊದಲು ತೆಗೆಯೋದೇ ಅದನ್ನ.'
'ಓದಿದಿರಾ?'
'ಮಳೆ ಬರೆಯೋಕೆ ಹೋದವಳು ನಾನು' ಎಂದರು.
ಅದು ಹೌದೋ ಅಲ್ಲವೋ ತಿಳಿಯಲಿಲ್ಲ.
ಬಾಗಿಲ ಬಳಿ ನಿಂತು, ತಿರುಗದೆಯೇ:
'ಬೀಗ ಯಾಕೆ.
ಮಳೆಪುಸ್ತಕದ ಜನವರಿ ಪುಟ
ಇಷ್ಟು ವರ್ಷದಲ್ಲಿ ಒಬ್ಬನಾದರೂ ತಿರುವಿದ್ದಾನಾ?'

ಪುಸ್ತಕ ಮೊಳೆಯಲ್ಲೇ ಇದೆ.
ಹಾಲಿನವನು ಈಗಲೂ ಜೂನ್ ನೋಡಿ ಹೋಗುತ್ತಾನೆ.
ಅದರ ಮುಂದೆ ದಿನಕ್ಕೆ ನಾಲ್ಕು ಸಲ ನಿಲ್ಲುತ್ತೇನೆ ನಾನು
ಒದ್ದೆ ಕೈ ಸೆರಗಿಗೆ ಒರಸಿಕೊಂಡು.
ಮಾರ್ಚಿನ ಅಂಚಿನವರೆಗೆ
ಹೆಬ್ಬೆರಳು ಹೋಗಿದೆ ಒಮ್ಮೆ.