ಆರನೆಯ ಲೈನು

ಕೂತುಕೋ ಶಮಿಕಾ. ಕುರ್ಚಿಯ ಎಡಗಾಲು ಕುಂಟು,
ಬಲಕ್ಕೆ ವಾಲಿದರೆ ಸರಿ.
ಇದು ಇನ್ನು ನಿನ್ನ ಪೆಟ್ಟಿಗೆ. ನನಗಿಂತ ಮೂವತ್ತು ವರ್ಷ ಚಿಕ್ಕದು,
ಆದರೂ ಬೈತಖೋಲಿನ ಉಪ್ಪುಗಾಳಿಗೆ ಕೀಲು ಹಿಡಿದಿದೆ.
ಏಳರ ಗುಂಡಿ ಒತ್ತಿದರೆ ಒಳಗೇ ಉಳಿಯುತ್ತದೆ;
ಉಗುರಿನಿಂದ ಎಬ್ಬಿಸು, ಬೈಯಬೇಡ.

ಹನ್ನೊಂದು ಸೆಕ್ರೆಟರಿ. ಹನ್ನೆರಡು ಲೆಕ್ಕದ ವಾಮನ ದುರ್ಗೇಕರ್.
ಹದಿಮೂರು ಐಸ್ ಪ್ಲಾಂಟು, ಹತ್ತು ಸಲವಾದರೂ ಬಾರಿಸಬೇಕು,
ಯಂತ್ರದ ಗದ್ದಲದಲ್ಲಿ ಬೊಮ್ಮು ಗೌಡನಿಗೆ ಏನೂ ಕೇಳಿಸದು.
ಹದಿನಾಲ್ಕು ಡೀಸೆಲ್ ಬಂಕು. ಹದಿನೈದು ಯಾರದೂ ಅಲ್ಲ,
ಗೋದಾಮಿನ ಬಲೆರಾಶಿಯ ಕೆಳಗೆಲ್ಲೋ ಇದೆ.

ವರ್ಗಾಯಿಸುವುದು ಹೀಗೆ: ಫ್ಲ್ಯಾಶ್, ನಂಬರು,
ಆ ಕಡೆಯವರು ಎತ್ತುವ ತನಕ ತಾಳ್ಮೆ, ಆಮೇಲೆ ರಿಸೀವರ್ ಇಡು.
ಮೊದಲೇ ಇಟ್ಟರೆ ಮನುಷ್ಯ ನೀರಿಗೆ ಬೀಳುತ್ತಾನೆ.
ನಾನು ನೂರಾರು ಜನರನ್ನು ಬೀಳಿಸಿದ್ದೇನೆ,
ಎಲ್ಲರೂ ಈಜಿ ಬಂದು ಬೈದಿದ್ದಾರೆ.

ಸ್ಟಾರ್ ನಾಲ್ಕು ಒತ್ತಿದರೆ ಬೇರೆ ಮೇಜಿನ ಗಂಟೆ ನಿನ್ನ ಕೈಗೆ.
ವಾಮನ ಮೂರಕ್ಕೆ ಚಾ ಕುಡಿಯಲು ಹೋದರೆ ಬರುವುದು ನಾಲ್ಕೂವರೆಗೆ.
ಆ ಒಂದೂವರೆ ತಾಸು ಸೊಸೈಟಿಯ ಲೆಕ್ಕ ನೀನೇ.
ಸೆಕ್ರೆಟರಿಯ ಕೆಂಪು ದೀಪ ಹೊತ್ತಿದ್ದರೆ ನಿದ್ದೆ.
ಮೀಟಿಂಗು ಅನ್ನು.

ಹೋಲ್ಡ್ ಒತ್ತಿದರೆ ಆ ಕಡೆ ಸಂಗೀತ. ಒಂದೇ ತುಣುಕು,
ಬಂಗಡೆ ಮುಳ್ಳು ಸಿಕ್ಕ ಕೊಳಲಿನ ಹಾಗೆ.
ನಿಲ್ಲಿಸಿದವರಿಗೆ ಅದು ಕೇಳಿಸುವುದಿಲ್ಲ, ನಿಂತವರಿಗೆ ಮಾತ್ರ.
ಹದಿನಾಲ್ಕು ವರ್ಷ ನಾನೂ ಕೇಳಿರಲಿಲ್ಲ.

ಇನ್ನು ಕಾನ್ಫರೆನ್ಸ್.
ಹುಬ್ಬಳ್ಳಿಯ ಮೆಕ್ಯಾನಿಕ್ ಅಂದಿದ್ದ,
"ನಿಮಗೆಲ್ಲ ಇದು ಬೇಡ ಬಾಯಿ, ದೊಡ್ಡ ಕಂಪನಿಗಳಿಗೆ."

ಆ ವರ್ಷ ದಸರೆ ಮುಗಿದ ವಾರ ಗಾಳಿ ಎದ್ದಿತು.
ಧಕ್ಕೆಯಲ್ಲಿ ಮೂರನೆಯ ನಂಬರಿನ ಸಿಗ್ನಲ್.
ಒಂದು ಬೋಟು, ಆರು ಜನ, ಎರಡು ದಿನದಿಂದ ಸುದ್ದಿಯಿಲ್ಲ.
ಸಂಜೆಯಿಂದ ಆರೂ ದೀಪ ಒಟ್ಟಿಗೆ:
ಮುದಗಾ, ಹಾರವಾಡ, ಮಾಜಾಳಿ, ಬೇಲೇಕೇರಿ...
ಒಬ್ಬಳಿಗೆ "ಗೊತ್ತಿಲ್ಲ" ಅನ್ನುವಾಗ ಐವರಿಗೆ ಸಂಗೀತ.
ಮುದಗಾದ ಗುಲಾಬಿ ಹೇಳಿದಳು, "ಆ ಬಾಜಾ ನಿಲ್ಲಿಸೇ ಬಾಯಿ,
ವಾಲಗ ಕೇಳುತ್ತ ಹೆಣ ಕಾಯ್ದ ಹಾಗಾಗುತ್ತದೆ."

ಪುಸ್ತಕ ತೆಗೆದೆ. ಪುಟ ನಲವತ್ತೊಂದು, ಜಿರಲೆ ತಿಂದು ಉಳಿದದ್ದು.
ಸ್ಟಾರ್ ಮೂರು, ಲೈನು, ಫ್ಲ್ಯಾಶ್. ಸ್ಟಾರ್ ಮೂರು, ಲೈನು.
ಒಬ್ಬೊಬ್ಬಳನ್ನೇ ಕೈಹಿಡಿದು ಒಳಗೆ ತಂದೆ.
ಐದಕ್ಕೆ ಪೆಟ್ಟಿಗೆ ಕುಂಯ್ ಅಂದಿತು, ಸಾಕು ಅಂತ.
ಹೊರಗೆ ಉಳಿದವಳು ಅಳ್ವೆವಾಡದ ಸುಗಂಧಾ,
ಮದುವೆಯಾಗಿ ನಾಲ್ಕು ತಿಂಗಳು.

ಅವಳನ್ನು ವಾಮನನ ಮೇಜಿಗೆ ಹಾಕಿ, ಬಳ್ಳಿ ಎಳೆದು ತಂದು,
ಎರಡು ರಿಸೀವರ್ ತಲೆಕೆಳಗಾಗಿ ಜೋಡಿಸಿದೆ,
ಕಿವಿಗೆ ಬಾಯಿ, ಬಾಯಿಗೆ ಕಿವಿ,
ಸುತ್ತ ನೋಟಿನ ಕಟ್ಟಿನ ರಬ್ಬರ್ ಬ್ಯಾಂಡು.

ಮಾತೇ ಇರಲಿಲ್ಲ. ಯಾರದೋ ಕುಕ್ಕರು ಕೂಗಿತು.
ಎಲ್ಲೋ ಒಂದು ಮಾಡಿನ ಮೇಲೆ ತೆಂಗಿನ ಹೆಡೆ ಬಿದ್ದ ಸದ್ದಿಗೆ
ಆರು ಮನೆ ಬೆಚ್ಚಿದವು.
ಬಹಳ ಹೊತ್ತಿನ ಮೇಲೆ ಹಾರವಾಡದ ಶೆವಂತಿ,
"ಏನು ಬೇಯಿಸಿದೆ?" ಅಂದಳು, ಯಾರಿಗೆ ಅಂತ ಹೇಳದೆ.
"ಗಂಜಿ."
"ನಾನೂ."

ರಾತ್ರಿ ಒಂದೂವರೆಗೆ ಹದಿಮೂರರ ದೀಪ ಮಿಣುಕಿತು.
ಎತ್ತಲು ಕೈಯಲ್ಲಿ ರಿಸೀವರ್ ಎಲ್ಲಿ?
ಮಿಣುಕಿ ಮಿಣುಕಿ ಆರಿತು.
ಆಮೇಲೆ ಬೊಮ್ಮು ಗೌಡನೇ ಒದ್ದೆಯಾಗಿ ಓಡಿಬಂದು
ಬಾಗಿಲಲ್ಲೇ ಕೂಗಿದ: ವೈರ್‌ಲೆಸ್ಸಿನಲ್ಲಿ ಬಂತು,
ವಾಸ್ಕೋ ಸೇರಿದ್ದಾರೆ, ಆರೂ ಜನ.
ನಾನು ಯಾರಿಗೂ ಹೇಳಬೇಕಾಗಲಿಲ್ಲ.

ಥ್ಯಾಂಕ್ಸ್ ಇಲ್ಲ, ಏನಿಲ್ಲ. ಒಂದೊಂದೇ ದೀಪ ಆರಿತು.
ಆರನೆಯದು ಮಾತ್ರ ಉಳಿಯಿತು.
ರಬ್ಬರ್ ಬಿಚ್ಚಿ ಕಿವಿಗಿಟ್ಟರೆ ಸಣ್ಣ ಗೊರಕೆ,
ಹುಡುಗಿ ಕೂತಲ್ಲೇ ನಿದ್ದೆ ಹೋಗಿದ್ದಳು.
ನಾನು ಇಡಲಿಲ್ಲ. ಹೋಲ್ಡನ್ನೂ ಒತ್ತಲಿಲ್ಲ.
ಬೆಳಗಾಗುವ ತನಕ ಮೇಜಿನ ಮೇಲೆ ಹಾಗೇ ಮಲಗಿಸಿದ್ದೆ.

ಪುಟ ನಲವತ್ತೊಂದು ಹರಿದರೆ ಅಂಟಿಸಿಕೋ.
ನೋಡು, ಬಾರಿಸುತ್ತಿದೆ. ಎತ್ತು.
ಮೊದಲು ಏಳನ್ನು ಎಬ್ಬಿಸು.