ಇಪ್ಪತ್ತೇಳು ನಿಮಿಷ

ಮೈನಸ್ ಮೂವತ್ತೊಂದು.
ಎಂಜಿನ್ ಆರಿಸಿದರೆ ಡೀಸೆಲ್ ಹೆಪ್ಪುಗಟ್ಟುತ್ತದೆ,
ಆರಿಸದಿದ್ದರೆ ಮಾಲೀಕ ಕುದಿಯುತ್ತಾನೆ.
ಆರಿಸದೆ ಬಿಟ್ಟು ಒಳಗೆ ಬಂದೆ, ಉಚ್ಚೆಗೆ.
ಮೂರು ಚಳಿಗಾಲದಿಂದ ಉಲಾನ್‌ಬಾತರಿನ ಮಕ್ಕಳನ್ನು
ಈ ವಿಜ್ಞಾನ ಕೇಂದ್ರದ ಬಾಗಿಲಿಗೆ ತಂದು ಸುರಿದಿದ್ದೇನೆ,
ಆಲೂಗಡ್ಡೆ ಮೂಟೆ ಸುರಿದ ಹಾಗೆ.
ಒಳಗೇನಿದೆ ಅಂತ ನೋಡಿದವನಲ್ಲ.

ಕೂದಲು ನಿಮಿರಿಸುವ ಲೋಹದ ಗೋಳ.
ಸುಳ್ಳು ಹೇಳುವ ಕನ್ನಡಿಗಳು: ಒಂದರಲ್ಲಿ ನಾನು ಕುಸ್ತಿಯವನು,
ಇನ್ನೊಂದರಲ್ಲಿ ನನ್ನ ಹೆಂಡತಿ ಹೇಳುವ ಹಾಗೇ ಇದ್ದೆ.
ಮಕ್ಕಳು ರೋಬೋಟಿನ ಹಿಂದೆ, ಟೀಚರು ಮಕ್ಕಳ ಹಿಂದೆ.
ನಡುಮನೆಯಲ್ಲಿ ಮಾತ್ರ ಯಾರೂ ಇಲ್ಲ.
ನಾಲ್ಕು ಅಂತಸ್ತಿನ ಎತ್ತರದಿಂದ ಇಳಿಬಿಟ್ಟ ತಂತಿ,
ತುದಿಯಲ್ಲೊಂದು ಹಿತ್ತಾಳೆ ಗುಂಡು.
ಹೋಗುತ್ತದೆ, ಬರುತ್ತದೆ,
ಯಾರಿಗೋ ಕಾದವರು ಅಂಗಳದಲ್ಲಿ ಅಡ್ಡಾಡುವ ಹಾಗೆ.
ಸುತ್ತ ಬೆರಳುದ್ದದ ಕಡ್ಡಿಗಳು ಬಳೆಯಾಗಿ ನಿಂತಿವೆ;
ಕೆಲವು ಬಿದ್ದಿವೆ.

"ಬೀಳಿಸಿದ್ದು ಯಾರು?" ಅಂದೆ,
ನನ್ನ ಬಸ್ಸಿನವರೇ ಏನೋ ಎಂಬ ಅಂಜಿಕೆಯಲ್ಲಿ.
ನೀಲಿ ಅಂಗಿಯ ಹುಡುಗಿ, ಎದೆಯ ಚೀಟಿಯಲ್ಲಿ ಮಿಶೀಲ್,
"ಭೂಮಿ" ಅಂದಳು,
ಪಕ್ಕದ ಮನೆಯ ತುಂಟನ ಹೆಸರು ಹೇಳಿದಷ್ಟು ಸಲೀಸಾಗಿ.
ಗುಂಡು ತನ್ನ ಹಾದಿ ಬಿಡುವುದಿಲ್ಲವಂತೆ.
ತಿರುಗುವುದು ನೆಲವಂತೆ, ಕಡ್ಡಿಗಳಂತೆ, ನಾನಂತೆ.
ಧ್ರುವದಲ್ಲಾದರೆ ದಿನಕ್ಕೊಂದು ಸುತ್ತು,
ನಮ್ಮೂರಲ್ಲಿ ಮೂವತ್ತೆರಡು ಗಂಟೆ,
ಭೂಮಧ್ಯರೇಖೆಯ ಮೇಲೆ ಸುತ್ತೇ ಇಲ್ಲ.
ಒಂದು ಕಡ್ಡಿಯಿಂದ ಇನ್ನೊಂದಕ್ಕೆ ಇಪ್ಪತ್ತೇಳು ನಿಮಿಷ.

ಒಪ್ಪಲಿಲ್ಲ. ಆರು ಲಕ್ಷ ಕಿಲೋಮೀಟರು ಓಡಿಸಿದವನು ನಾನು.
ರಸ್ತೆ ಒಮ್ಮೆಯೂ ತಾನಾಗಿ ಎದುರು ಬಂದು
ಉಪಕಾರ ಮಾಡಿದ್ದಿಲ್ಲ.
"ಕಾದು ನೋಡುತ್ತೇನೆ" ಅಂದೆ.

ನಿಂತೆ. ನಿಂತು ನಿಂತು ನೆನಪಾಯಿತು
ನಮ್ಮ ಉಣ್ಣೆಯ ಗುಡಾರ, ಅದರ ನೆತ್ತಿಯ ಕಿಂಡಿ.
ಅಲ್ಲಿಂದ ಬಿಸಿಲಿನ ತುಂಡೊಂದು ಒಳಗೆ ಬಿದ್ದು
ಗೋಡೆಯ ಜಾಲರಿ ಹಿಡಿದು ಮೆಲ್ಲಗೆ ಇಳಿಯುತ್ತಿತ್ತು.
ಜೀನಿನ ಮೇಲೆ ಬಂದರೆ ಕುರಿ ಬಿಡುವ ಹೊತ್ತು.
ಪೆಟ್ಟಿಗೆಯ ಮೇಲೆ ಬಂದರೆ ಕುದುರೆಯ ಹಾಲು ಕರೆಯುವ ಹೊತ್ತು.
ಪಾತ್ರೆಗಳ ಸಾಲು ಮುಟ್ಟಿದರೆ
ಅವ್ವ ಒಲೆಗೆ ಒಣಸಗಣಿ ಒಡ್ಡುವ ಹೊತ್ತು.
"ಬಿಸಿಲು ನಡೀತು, ಏಳು" ಅನ್ನುತ್ತಿದ್ದಳು.
ನಡೆದದ್ದು ಗುಡಾರ ಅಂತ ಯಾರೂ ಅವಳಿಗೆ ಹೇಳಲಿಲ್ಲ.
ಹೇಳಿದ್ದರೂ ಹಾಲು ಹೆಚ್ಚೇನೂ ಇಳಿಯುತ್ತಿರಲಿಲ್ಲ.

ಇದನ್ನು ಮಿಶೀಲಳಿಗೆ ಹೇಳಿದೆ.
ಒಂಬತ್ತನೇ ಮಹಡಿಯಲ್ಲಿ ಬೆಳೆದ ಹುಡುಗಿ.
"ಪ್ರವಾಸಕ್ಕೆ ಹೋದಾಗ ಒಂದು ರಾತ್ರಿ ಗುಡಾರದಲ್ಲಿ ಮಲಗಿದ್ದೆ" ಅಂದಳು,
ಸ್ವಲ್ಪ ನಾಚಿ. "ಕಿಂಡಿ ಮುಚ್ಚಿದ್ದರು."

ಗುಂಡಿಗೂ ಕಡ್ಡಿಗೂ ಈಗ ಕೂದಲೆಳೆಯ ಅಂತರ.
ಹೊರಗೆ ಎಂಜಿನ್ ಕೆಮ್ಮಿತು.
ಓಡಬೇಕಿತ್ತು. ಓಡಲಿಲ್ಲ.
ಒಂದು ಕೈಗವಸು ಕಳೆದುಕೊಂಡ ತುಗುಲ್ದುರ್
ನೆಲ ಹುಡುಕುತ್ತ ಬಂದು ಪಕ್ಕದಲ್ಲೇ ನಿಂತ.
"ಏನು ನೋಡ್ತಿದೀರಿ, ದಮ್ದಿನಣ್ಣ?"
ಶ್...

ಟಕ್.

ಅಷ್ಟೇ ಸದ್ದು.
ಕುರಿಮೂಳೆಯ ದಾಳ ಕಂಬಳಿಯ ಮೇಲೆ ಹೊರಳಿದಷ್ಟು.
ಹುಡುಗ ನನ್ನ ಮುಖ ನೋಡಿದ,
ನಾವಿಬ್ಬರೂ ಸೇರಿ ಏನನ್ನೋ ಒಡೆದುಹಾಕಿದ ಹಾಗೆ.

ಈಗ ಸಂಜೆ. ಶಾಂತಿ ರಸ್ತೆ.
ಗಾಡಿಗೆ ಗಾಡಿ ಅಂಟಿಕೊಂಡು ನಿಂತಿದೆ,
ಕಲ್ಲಿದ್ದಲ ಹೊಗೆಯಲ್ಲಿ ಮುಂದಿನ ಬಸ್ಸಿನ ಕೆಂಪು ದೀಪ ಮಾತ್ರ ನಿಜ.
ನಲವತ್ತೊಂದು ತಲೆ, ಎಂಬತ್ತೊಂದು ಕೈಗವಸು.
ಚಕ್ರ ಅರ್ಧ ಸುತ್ತೂ ಉರುಳಿಲ್ಲ.
ಹಿಂದಿನ ಸೀಟಿನಿಂದ ತುಗುಲ್ದುರ್ ಕೂಗುತ್ತಾನೆ:
"ದಮ್ದಿನಣ್ಣ, ನಿಂತು ಎಷ್ಟು ಹೊತ್ತಾಯ್ತು?"

ಗಡಿಯಾರ ನೋಡದೆ ಹೇಳುತ್ತೇನೆ:
"ಒಂದು ಕಡ್ಡಿ.
ಎರಡನೆಯದು ಬೀಳೋದರಲ್ಲಿದೆ."